ಮೂಸಿ ಮಾಡುವ ಶಾಯಿ

ನಮ್ಮತ್ತೆ ತಮ್ಮ ನೆರಳನ್ನೂ ನಂಬುವವರಲ್ಲ. ತರಕಾರಿಯವನ ತಕ್ಕಡಿಯ ತಳವನ್ನು ಬೆರಳಿಂದ ತಡವಿ ನೋಡದೆ ಒಂದು ಈರುಳ್ಳಿ ಕೊಂಡವರಲ್ಲ. ಅಂಥವರು ಮಾಡಿದ ಶಾಯಿಯನ್ನು ಮಾತ್ರ ಊರೆಲ್ಲ ಕಣ್ಣುಮುಚ್ಚಿ ನಂಬುತ್ತಿತ್ತು. ಅಂದದ ಬರವಣಿಗೆ ಕಲಿಸುವ ಮೇಷ್ಟ್ರಂತೂ ಮೂವತ್ತು ವರ್ಷದಿಂದ ಬೇರೆ ಶಾಯಿ ಮುಟ್ಟಿರಲಿಲ್ಲ.

ಹಿಂದಿನ ಕೋಣೆಯಲ್ಲಿ ಅವರ ಕೆಲಸ. ದಾಳಿಂಬೆ ಸಿಪ್ಪೆ ಕುದಿಸಿ ಕಷಾಯ ಇಳಿಸುವುದು, ಅದಕ್ಕೆ ತುಕ್ಕು ಹಿಡಿದ ಮೊಳೆ ಹಾಕಿ ಕಪ್ಪೇರುವವರೆಗೆ ಇಡುವುದು, ಸೋಸಿ ಗೋಂದು ಕಲಸುವುದು, ಬೂಸ್ಟು ಹಿಡಿಯದಿರಲಿ ಎಂದು ಲವಂಗ ಜಜ್ಜಿ ಹಾಕುವುದು. ಅಳತೆ ಗಿಳತೆ ಏನೂ ಇಲ್ಲ. ಜಾಡಿಯ ಮುಚ್ಚಳ ತೆಗೆದು ಒಮ್ಮೆ ಮೂಸಿದರೆ ಮುಗಿಯಿತು: ಇದಕ್ಕೆ ಇನ್ನಷ್ಟು ಲವಂಗ, ಅದನ್ನು ಚೆಲ್ಲು. ಕಪ್ಪು ಶಾಯಿ ಕೆಟ್ಟರೆ ಕಣ್ಣಿಗೆ ಕಾಣುವುದು ತಡ, ಮೂಗಿಗೆ ಮೊದಲೇ ತಿಳಿಯುತ್ತದೆ.

ಹೋದ ವರ್ಷ ಸೀಸೆಗಳು ವಾಪಸು ಬರತೊಡಗಿದವು. ಬಾಯಲ್ಲೆಲ್ಲ ಬಿಳಿ ಬೂಸ್ಟು. ಮೂರನೆಯ ಸಲ ಮೇಷ್ಟ್ರೇ ಬಂದರು. "ಅಮ್ಮಾ, ಇನ್ನೊಂದು ಸಲ ಹೀಗಾದ್ರೆ ನಾನು ಬೇರೆ ಕಡೆ ನೋಡ್ಕೋತೀನಿ. ಬೇಜಾರು ಮಾಡ್ಕೋಬೇಡಿ." ಅವರು ಕೈಬಿಟ್ಟರೆ ಅತ್ತೆಯ ಕಸುಬೇ ಮುಗಿದಂತೆ.

ಅತ್ತೆ ನನ್ನ ಕಡೆ ತಿರುಗಿ ಅಂದರು: "ಯಾರು ನೀರು ಬೆರೆಸ್ತಿದ್ದಾರೋ ಅವರಿಗೇ ಗೊತ್ತು."

ಮನೆಯಲ್ಲಿ ಇರುವುದೇ ಮೂರು ಜನ. ಅವರ ಮಗ ಆ ಕೋಣೆಗೆ ಕಾಲಿಡುವುದಿಲ್ಲ. ಇನ್ಯಾರು? ನನಗೆ ಮೈಯೆಲ್ಲ ಉರಿದುಹೋಯಿತು. ಅಂದಿನಿಂದ ಕೋಣೆಗೆ ಬೀಗ, ಸೀಸೆಗಳ ಕುತ್ತಿಗೆಗೆ ದಾರ, ದಾರದ ಗಂಟಿಗೆ ಮೇಣ. ನಾನು ಊಟಕ್ಕೆ ಕೂತರೆ ಉಗುರಲ್ಲಿ ಕಪ್ಪೇನಾದರೂ ಇದೆಯೇ ಎಂದು ನೋಡುತ್ತಿದ್ದರು. ಗಂಡನಿಗೆ ಹೇಳಿದರೆ, "ಅಮ್ಮ ಇರೋದೇ ಹಾಗೆ, ತಲೆ ಕೆಡಿಸ್ಕೋಬೇಡ" ಎಂಬ ಒಂದೇ ಮಂತ್ರ. ಕೆಡಿಸಿಕೊಳ್ಳದೆ ಇರಲು ನಾನೇನು ಕಲ್ಲೇ?

ನನಗೂ ಅನುಮಾನ ಅಂಟಿಕೊಂಡಿತು. ನನ್ನನ್ನು ಹೊರಗಿಡಲು ತಾವೇ ಕೆಡಿಸುತ್ತಿದ್ದಾರೇನೋ! ಒಂದು ಬೆಳಗ್ಗೆ ಕಿಟಕಿಯ ಸಂದಿಯಿಂದ ಇಣುಕಿದೆ. ಅತ್ತೆ ಜಾಡಿಯ ಮುಚ್ಚಳ ತೆಗೆದರು. ಅಬ್ಬಾ, ಹೊರಗೆ ನಿಂತ ನನಗೇ ಕೊಳೆತ ನಾತ ಹೊಡೆಯಿತು. ಅವರು ಜಾಡಿಯೊಳಗೆ ಮೂಗು ಇಳಿಸಿ ಉಸಿರೆಳೆದರು, ಮತ್ತೆ ಎಳೆದರು. ಮುಖದ ಒಂದು ಗೆರೆಯೂ ಕದಲಲಿಲ್ಲ. ಲವಂಗದ ಪುಡಿಯನ್ನು ಅಂಗೈಗೆ ಹಾಕಿ ಮೂಸಿದರು. ಆಮೇಲೆ ಕಣ್ಣೊರೆಸಿಕೊಂಡು ಸೀಸೆಗಳಿಗೆ ಶಾಯಿ ತುಂಬತೊಡಗಿದರು.

ಬಾಗಿಲು ಬಡಿದು ತೆಗೆಸಿದೆ. "ಅತ್ತೆ, ನಿಮಗೆ ವಾಸನೆ ಗೊತ್ತಾಗ್ತಿಲ್ಲ ಅಲ್ವಾ? ಯಾವಾಗಿನಿಂದ?"

"ಆ ಜ್ವರ ಬಂದು ಮಲಗಿದ್ನಲ್ಲ, ಆಗಿನಿಂದ."

"ಗೊತ್ತಿದ್ದೂ ನನ್ನ ಮೇಲೆ ಹಾಕಿದ್ರಾ?"

"ನನ್ನ ಮೂಗು ಹೋಯ್ತು ಅಂದ್ರೆ ಶಾಯಿ ಯಾರು ತಗೋತಾರೆ? ನೀನು ಕೆಡಿಸಿದ್ದು ಅಂದ್ರೆ ಮೇಷ್ಟ್ರು ಇನ್ನೊಂದು ಸಲ ನೋಡ್ತಾರೆ ಅಂದ್ಕೊಂಡೆ."

ಎಂಥ ಹೆಂಗಸು! ಅವರು ಒಂದು ಸೀಸೆಯನ್ನು ನನ್ನ ಮೂಗಿನ ಕೆಳಗೆ ಹಿಡಿದರು. "ನಿಜ ಹೇಳು."

"ಕೆಟ್ಟಿದೆ."

ಅವರು ನನ್ನ ಮುಖವನ್ನೇ ದಿಟ್ಟಿಸಿದರು. ಸೇಡು ತೀರಿಸಿಕೊಳ್ಳುತ್ತಿದ್ದೇನೆಯೇ ಎಂದು ಹುಡುಕುತ್ತಿದ್ದರು, ನನಗೆ ಗೊತ್ತು. ನನ್ನ ಮಾತನ್ನು ಪರೀಕ್ಷಿಸಲು ಅವರ ಬಳಿ ಏನೂ ಉಳಿದಿರಲಿಲ್ಲ. ಕೊನೆಗೆ ಹನ್ನೆರಡು ಸೀಸೆಗಳನ್ನೂ ಒಂದೊಂದಾಗಿ ಮೋರಿಗೆ ಬಗ್ಗಿಸಿದರು.

ಮಧ್ಯಾಹ್ನ ಮೇಷ್ಟ್ರು ಬಂದರು. ನನ್ನತ್ತ ಓರೆಗಣ್ಣಲ್ಲಿ ನೋಡಿ, "ಯಾರು ಕೆಡಿಸ್ತಿದ್ದದ್ದು ಅಂತ ತಿಳೀತಾ ಅಮ್ಮಾ?" ಎಂದರು.

"ನಾನೇ," ಎಂದರು ಅತ್ತೆ. "ನನಗೆ ವಾಸನೆ ಗೊತ್ತಾಗೋದು ನಿಂತುಹೋಗಿದೆ."

"ಹಾಗಾದ್ರೆ ಇನ್ಮೇಲೆ ಹೇಗೆ?"

ಅತ್ತೆ ತಲೆ ತಗ್ಗಿಸಿ, ನಾನು ಏನು ಹೇಳುತ್ತೇನೋ ಎಂದು ಕಾಯುತ್ತ ಕೂತರು.

"ಒಂದು ತಿಂಗಳು ಬಿಟ್ಟು ಬನ್ನಿ ಮೇಷ್ಟ್ರೇ. ಇನ್ಮೇಲೆ ಮೂಸೋದು ನಾನು," ಎಂದೆ ನಾನು.