ಸರ್ಕಲ್ಲಿನ ಅಪ್ರದಕ್ಷಿಣೆ

ದೋಹಾ ಪಕ್ಕದ ಅಲ್ ವಕ್ರಾದ ನಮ್ಮ ಕಟ್ಟಡಕ್ಕೆ ಕನ್ನಡದವರು ಯಾರೇ ಹೊಸದಾಗಿ ಬರಲಿ, ವಾರದೊಳಗೆ ನಾನು ಅವರನ್ನು ಕಾಫಿಗೆ ಕರೆಯುತ್ತೇನೆ. ಕಾಫಿ ಬರೀ ನೆಪ, ಬುದ್ಧಿಮಾತು ಹೇಳುವುದು ನನ್ನ ಚಟ. ಬೇಸಿಗೆ ಬಂತೆಂದರೆ ಗೀಸರ್ ಆರಿಸಿಬಿಡಿ, ಏಕೆಂದರೆ ತಣ್ಣೀರಿನ ನಲ್ಲಿಯಲ್ಲಿ ಮೈ ಸುಡುವ ನೀರು ಬರುತ್ತದೆ, ಆರಿಸಿಟ್ಟ ಗೀಸರಿನೊಳಗೆ ಕೂತ ನೀರೇ ಸ್ನಾನಕ್ಕೆ ಹಿತ. ಮಾಲಿಗೆ ಹೋಗುವಾಗ ಶಾಲು ಮರೆಯಬೇಡಿ, ಹೊರಗೆ ಬೆಂದು ಒಳಗೆ ನಡುಗುವ ಊರು ಇದು. ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಯುವ ತನಕ ಸಾಮಾನು ತರಲು ಹೊರಡಬೇಡಿ. ಇಷ್ಟೆಲ್ಲ ಗಂಡ ಹೆಂಡತಿ ಇಬ್ಬರಿಗೂ. ಆಮೇಲೆ ಹೆಂಡತಿಯನ್ನು ಮಾತ್ರ ಅಡುಗೆಮನೆಗೆ ಕರೆದು, ಬಂದ ತಿಂಗಳೇ ಡ್ರೈವಿಂಗ್ ಕ್ಲಾಸಿಗೆ ಸೇರಿಕೊಳ್ಳಿ ಎನ್ನುತ್ತೇನೆ. ನಾನು ಸೇರಿದ್ದು ಬಹಳ ತಡವಾಗಿ.

ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕಾರು. ಅದು ಬೆಳಿಗ್ಗೆ ನನ್ನ ಗಂಡನ ಜೊತೆ ದೋಹಾದ ಆಫೀಸಿಗೆ ಹೋಗಿ ಕತ್ತಲಾದ ಮೇಲೆ ಬರುತ್ತಿತ್ತು. ಒಂದು ಕಟ್ಟು ಕೊತ್ತಂಬರಿ ಸೊಪ್ಪು ಬೇಕಾದರೂ ಅವರ ಮೀಟಿಂಗ್ ಮುಗಿಯಬೇಕು. ಹೀಗೇ ವರ್ಷಗಳು ಹೋದವು. ಆಗ ಊರಾಚೆಯ ಒಂದು ನರ್ಸರಿ ಶಾಲೆ ನನ್ನನ್ನು ಟೀಚರ್ ಆಗಿ ಆರಿಸಿತು. ಆದರೆ ಟೀಚರುಗಳಿಗೆ ವ್ಯಾನ್ ಇಲ್ಲ, ಶಾಲೆ ತೆರೆಯುವುದರೊಳಗೆ ಲೈಸೆನ್ಸ್ ತಂದರೆ ಕೆಲಸ ನಿಮ್ಮದು, ಇಲ್ಲದಿದ್ದರೆ ಬೇರೆಯವರಿದ್ದಾರೆ ಎಂದರು. ಆ ಕೆಲಸ ನನಗೆ ಬೇಕೇ ಬೇಕಿತ್ತು. ಬೆಳಿಗ್ಗೆ ಎದ್ದು, ತಲೆ ಬಾಚಿಕೊಂಡು, ಹೋಗಲು ನನ್ನದು ಅಂತ ಒಂದು ಜಾಗ ಬೇಕಿತ್ತು.

ಡ್ರೈವಿಂಗ್ ಏನು ಮಹಾ ಅಂದುಕೊಂಡಿದ್ದೆ. ನಾನು ಮೈಸೂರಿನವಳು, ಸರ್ಕಲ್ ಸುತ್ತಿಯೇ ಬೆಳೆದವಳು. ಮೊದಲ ದಿನವೇ ಜಂಬದಿಂದ ಕಾರನ್ನು ಸರ್ಕಲ್ಲಿನ ಎಡಕ್ಕೆ ತಿರುಗಿಸಿದೆ. ಕಲಿಸುತ್ತಿದ್ದ ಕೇರಳದ ಟೀಚರಮ್ಮ ತಮ್ಮ ಕಡೆಯ ಬ್ರೇಕನ್ನು ಒತ್ತಿ ಹಿಡಿದು, ತಮ್ಮ ದೇವರನ್ನೂ ನನ್ನ ದೇವರನ್ನೂ ಒಟ್ಟಿಗೆ ಕರೆದರು. ಇಲ್ಲಿ ಗಾಡಿಗಳು ಓಡುವುದು ರಸ್ತೆಯ ಬಲಕ್ಕೆ, ಸರ್ಕಲ್ಲನ್ನು ಎಡಕ್ಕಿಟ್ಟುಕೊಂಡು ಸುತ್ತಬೇಕು. ಹುಟ್ಟಿದಾಗಿನಿಂದ ಗುಡಿಯನ್ನಾಗಲಿ ತುಳಸಿಯನ್ನಾಗಲಿ ಬಲಕ್ಕಿಟ್ಟುಕೊಂಡೇ ಸುತ್ತಿದವಳು ನಾನು, ದಿನಾ ಹೀಗೆ ಅಪ್ರದಕ್ಷಿಣೆ ಹಾಕುವುದೆಂದರೆ ಕೈಕಾಲೇ ಒಪ್ಪುತ್ತಿರಲಿಲ್ಲ. ಅಂತೂ ಮನಸ್ಸಿನಲ್ಲೇ ತಪ್ಪಾಯಿತು ಎನ್ನುತ್ತಾ ರೂಢಿ ಮಾಡಿಕೊಂಡೆ.

ಟೆಸ್ಟಿನಲ್ಲಿ ನನ್ನನ್ನು ಕೆಡವಿದ್ದು ಮಾತ್ರ ಮರ್ಯಾದೆ. ಸರ್ಕಲ್ಲಿನೊಳಗೆ ಸರಿಯಾಗಿಯೇ ಸುತ್ತುತ್ತಿದ್ದೆ. ಪಕ್ಕದ ರಸ್ತೆಯ ಬಾಯಲ್ಲಿ ಒಬ್ಬರು ವಯಸ್ಸಾದವರು ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದರು. ಪಾಪ ಅಂತ ನಾನು ನಡು ಸರ್ಕಲ್ಲಿನಲ್ಲಿ ಬ್ರೇಕ್ ಹಾಕಿ, ಮೊದಲು ನೀವು ಹೋಗಿ ಎಂದು ಕೈ ತೋರಿಸಿದೆ. ಹಿಂದಿದ್ದ ಗಾಡಿಗಳೆಲ್ಲ ಹಾರ್ನ್ ಒತ್ತಿದವು.

ಪಕ್ಕದಲ್ಲಿ ಕೂತು ಟೆಸ್ಟ್ ಮಾಡುತ್ತಿದ್ದ ಪೊಲೀಸಮ್ಮ "ವೈ ಸ್ಟಾಪ್?" ಎಂದಳು.

"ಓಲ್ಡ್ ಮ್ಯಾನ್, ಮೇಡಂ" ಎಂದೆ.

ಅವಳು ನನ್ನನ್ನೂ ಆ ವಯಸ್ಸಾದವರನ್ನೂ ಒಮ್ಮೆ ನೋಡಿ ಫೇಲ್ ಮಾಡಿದಳು.

ನಮ್ಮ ಮೇಲಿನ ಮನೆಯಲ್ಲಿ ಬಂಟ್ವಾಳದ ಕಡೆಯ ಬ್ಯಾರಿ ಅಕ್ಕ ಒಬ್ಬರಿದ್ದಾರೆ. ಎಷ್ಟೋ ವರ್ಷಗಳಿಂದ ಇಲ್ಲಿ ಕಾರು ಓಡಿಸುವವರು. ಕತೆ ಕೇಳಿ ಸೋಫಾದ ಮೇಲೆ ಬಿದ್ದು ನಕ್ಕರು. "ನೀವು ಎಂತ ಮಾರಾಯ್ತಿ, ಒಳಗೆ ಹೋದ ಮೇಲೆ ದಾರಿ ನಿಮ್ದು. ಅಲ್ಲಿ ನಿಂತು ಮದುವೆ ಊಟಕ್ಕೆ ಕರ್ದ ಹಾಗೆ ಬನ್ನಿ ಬನ್ನಿ ಅಂತ ಕರೀಲಿಕ್ಕೆ ಉಂಟಾ?" ಅಂದಿನಿಂದ ಸಂಜೆ ಸಂಜೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರಿನ ಸರ್ಕಲ್ಲುಗಳನ್ನೆಲ್ಲ ಸುತ್ತಿಸಿದರು.

"ಈಗ ದಾರಿ ಯಾರದ್ದು?"

"ನಮ್ದು ಅಕ್ಕ."

"ಅಷ್ಟು ಮೆಲ್ಲ ಹೇಳಿದ್ರೆ ಯಾರು ಬಿಡ್ತಾರೆ? ಗಟ್ಟಿ ಹೇಳಿ."

ಶಾಲೆ ತೆರೆಯುವ ಮುಂಚೆ ಸಿಕ್ಕಿದ್ದು ಇನ್ನೊಂದೇ ಟೆಸ್ಟ್. ಅದೇ ಪೊಲೀಸಮ್ಮ. ಸರ್ಕಲ್ಲಿನೊಳಗೆ ಅರ್ಧ ಸುತ್ತಿದ್ದೇನೆ, ಬಲಗಡೆಯ ರಸ್ತೆಯಿಂದ ಒಂದು ದೊಡ್ಡ ಬಿಳಿ ಗಾಡಿ ಲೈಟ್ ಮಿನುಗಿಸುತ್ತಾ ಮೂತಿ ತೂರಿಸಿತು. ನನ್ನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಈಗ ನಿಂತರೆ ಇನ್ನು ಮನೆಯಲ್ಲೇ ಕೂರಬೇಕು ಅನ್ನಿಸಿತು. ಒತ್ತಲಿಲ್ಲ. ಆ ಗಾಡಿಯೇ ಗಕ್ಕನೆ ನಿಂತಿತು, ನಾನು ಅದರ ಮುಂದೆಯೇ ಸಾಗಿದೆ. ಪೊಲೀಸಮ್ಮ ತಲೆ ಎತ್ತದೆ ಏನೋ ಬರೆದುಕೊಂಡು, ನನ್ನನ್ನು ಇಳಿಸಿ, ಹಿಂದಿನ ಸೀಟಿನಲ್ಲಿ ಸರದಿಗೆ ಕಾಯುತ್ತಿದ್ದವಳಿಗೆ "ಯಲ್ಲಾ, ನೆಕ್ಸ್ಟ್" ಎಂದು ಅವಸರ ಮಾಡಿದಳು. ಪಾಸಾದವರಲ್ಲಿ ನನ್ನ ಹೆಸರು ಕರೆದಾಗ ಅಲ್ಲೇ ಬೆಂಚಿನ ಮೇಲೆ ಕೂತು ನಾಚಿಕೆಯಿಲ್ಲದೆ ಅತ್ತೆ.

ನಮ್ಮ ಯಜಮಾನರಿಗೂ ಖುಷಿಯಾಯಿತು, ಸುಳ್ಳು ಹೇಳಬಾರದು. ಮೈಸೂರು ಪಾಕ್ ತಂದರು, ಆಫೀಸಿನವರಿಗೆಲ್ಲ ಫೋನ್ ಮಾಡಿದರು. ಆಮೇಲೆ ತಿನ್ನುತ್ತಾ ಹೇಳಿದರು, "ಸದ್ಯಕ್ಕೆ ನಾನೇ ಬಿಡ್ತೀನಿ ಬಿಡು. ಬರುವಾಗ ಯಾರಾದ್ರೂ ಸಿಗ್ತಾರೆ. ನೀನು ಶುಕ್ರವಾರ ಶುಕ್ರವಾರ ಪ್ರಾಕ್ಟೀಸ್ ಮಾಡ್ಕೊ." ನನಗೆ ಮೈಯೆಲ್ಲ ಉರಿಯಿತು. ಬಾಯಲ್ಲಿ ಮೈಸೂರು ಪಾಕ್ ಇದ್ದುದರಿಂದ ಸುಮ್ಮನಿದ್ದೆ.

ಶಾಲೆಯ ಮೊದಲ ದಿನ, ನಾನೇ ಓಡಿಸುತ್ತೇನೆ ಎಂದೆ. ಆಯಿತು ಎಂದು ನಗುತ್ತಾ ಪಕ್ಕಕ್ಕೆ ಕೂತರು. ಕೂತವರು ದಾರಿಯುದ್ದಕ್ಕೂ ನಿಧಾನ, ಬ್ರೇಕ್, ಕನ್ನಡಿ ನೋಡು ಎಂದು ಮಂತ್ರ ಹೇಳಿದ ಹಾಗೆ ಹೇಳುತ್ತಲೇ ಇದ್ದರು. ಶಾಲೆಯ ಗೇಟಿನ ಪಕ್ಕ ಗೆರೆಯೊಳಗೆ ಕಾರು ನಿಲ್ಲಿಸಿ, ಕೀಲಿ ತೆಗೆದು ಬ್ಯಾಗಿಗೆ ಹಾಕಿಕೊಂಡು ಇಳಿದೆ.

ಅವರೂ ಇಳಿದು ಈಚೆ ಬಂದು ಕೈ ಚಾಚಿದರು. "ಕೀ ಕೊಡು, ಟೈಮಾಯ್ತು."

"ಕಾರು ಇಲ್ಲೇ ಇರತ್ತೆ ರೀ. ಮಧ್ಯಾಹ್ನ ನಾನು ಮನೆಗೆ ಹೋಗ್ಬೇಕಲ್ಲ."

ಅವರು ಕಾರನ್ನು ನೋಡಿದರು, ಆಗಲೇ ಸುಡತೊಡಗಿದ್ದ ರಸ್ತೆಯನ್ನು ನೋಡಿದರು. ಲ್ಯಾಪ್‌ಟಾಪ್ ಚೀಲವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿಕೊಂಡರು.

"ಹಂಗಾದ್ರೆ ನಾನು ಹೇಗೆ ಹೋಗ್ಲಿ?"

ಈ ಊರಿಗೆ ಬಂದಾಗಿನಿಂದ ನಮ್ಮ ಮನೆಯಲ್ಲಿ ಆ ಪ್ರಶ್ನೆ ಕೇಳುತ್ತಿದ್ದವಳು ನಾನೊಬ್ಬಳೇ. ಅವರ ಬಾಯಲ್ಲಿ ಬಂದದ್ದು ಅದೇ ಮೊದಲು. ನಿಜವಾಗಿಯೂ ಪಾಪ ಅನ್ನಿಸಿತು. ಆದರೂ ಕೀಲಿ ಕೊಡಲಿಲ್ಲ.