ಬಾತಿನ ಕತ್ತಿನ ಕಪ್ಪು ಗೆರೆ

ದಸ್ತಗೀರ ಕಾಕಾ, ನಿಮ್ಮ ಕಿವಿ ಕೆಟ್ಟಿರಲಿಲ್ಲ. ಆ ಹಲಗೆ ನಿಮ್ಮ ಕೈಯಿಂದ ಹೊರಟಾಗ ಗಟ್ಟಿಯಾಗಿಯೇ ಇತ್ತು. ಅದನ್ನು ಸೀಳಿದವಳು ನಾನು — ಸೀಳಿದ್ದನ್ನು ಮುಚ್ಚಿಟ್ಟವಳೂ ನಾನೇ. ಹನ್ನೊಂದು ವರ್ಷ ಈ ಮಾತನ್ನು ನುಂಗಿಕೊಂಡು ಓಡಾಡಿದೆ.

ಬೆಟಗೇರಿಯಿಂದ ಲಕ್ಷ್ಮೇಶ್ವರಕ್ಕೆ ಬಂದು, ನಿಮ್ಮ ತಗಡಿನ ಚಪ್ಪರದಲ್ಲಿ ಕುಳಿತು, ಕೈಟ್‌ಬೋರ್ಡ್ ಮಾಡಿಕೊಡುತ್ತೀರಾ ಎಂದು ನಾನು ಕೇಳಿದ ದಿನ ನೀವು ನಕ್ಕುಬಿಟ್ಟಿರಿ. "ಗಾಳಿಪಟಕ್ಕ ಹಲಗಿ ಯಾಕ ಬೇಕವಾ?" ದೊಡ್ಡ ಗಾಳಿಪಟ ಮನುಷ್ಯನನ್ನು ಎಳೆಯುತ್ತದೆ, ಅವನು ಹಲಗೆಯ ಮೇಲೆ ನಿಂತು ಸಮುದ್ರದಲ್ಲಿ ಜಾರಿಕೊಂಡು ಹೋಗುತ್ತಾನೆ ಎಂದು ಮರದ ಪುಡಿಯಲ್ಲೇ ಬೆರಳಿನಿಂದ ಬರೆದು ತೋರಿಸಿದೆ. ಕಾರವಾರದ ಕಡೆ ಈ ಆಟ ಆಡುತ್ತಿದ್ದ ನನ್ನ ಕಾಲೇಜಿನ ಗೆಳೆಯ ವಿವೇಕ ಅಂಥ ಹಲಗೆಗಳ ಸಣ್ಣದೊಂದು ಕಂಪನಿ ಶುರುಮಾಡಿದ್ದ. ಆಕಾರ, ಚಿತ್ರ ನನ್ನವು, ಮರಗೆಲಸ ನಿಮ್ಮದು, ನೀರಿಗಿಳಿದು ನೋಡುವುದು ಅವನದು. ಬಾಗಿಲು, ನೊಗ ಮಾಡುವ ನಿಮ್ಮ ಕೈಗೆ ನಾವು ಸಮುದ್ರದ ಕೆಲಸ ಕೊಟ್ಟಿದ್ದೆವು, ಅದನ್ನು ನೀವು ನಮಗಿಂತ ಬೇಗ ಕಲಿತಿರಿ.

ಪ್ರತಿ ಹಲಗೆಯನ್ನೂ ನೀವು 'ಮಾತಾಡಿಸುತ್ತಿದ್ದಿರಿ'. ಕಣ್ಣು ಮುಚ್ಚಿ, ಬೆರಳ ಗೆಣ್ಣಿನಿಂದ ಈ ತುದಿಯಿಂದ ಆ ತುದಿಯವರೆಗೆ ತಟ್ಟುತ್ತ — ಎಲ್ಲ ಕಡೆ ಒಂದೇ ದನಿ ಬಂದರೆ ಮಾತ್ರ ಅದು ನನ್ನ ಕೈಗೆ. ಬಣ್ಣ ಬಿದ್ದ ಮೇಲೆ ಮಾತ್ರ ನೀವು ಅದನ್ನು ತಟ್ಟುತ್ತಲೇ ಇರಲಿಲ್ಲ. "ಕಟಗಿ ನಂದು, ಬಣ್ಣ ನಿಂದು. ಒಬ್ಬರ ಕೆಲಸದ ಮ್ಯಾಲೆ ಇನ್ನೊಬ್ಬರು ಕೈ ಇಡಬಾರದವಾ." ನೀವು ನನಗೆ ಕೊಟ್ಟ ಆ ಮರ್ಯಾದೆಯ ಮರೆಯಲ್ಲೇ ನಾನು ಅಡಗಿಕೊಂಡೆ.

ಆ ಚಳಿಗಾಲದಲ್ಲಿ, ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆಯ ಬಾತನ್ನು ಹಲಗೆಯ ಮೇಲೆ ಬರೆಯಬೇಕೆಂದು ಹೊರಟೆ. ಹಕ್ಕಿಯನ್ನು ಕಣ್ಣಾರೆ ನೋಡುತ್ತಲೇ ಬರೆಯಬೇಕೆಂಬ ಹಟ. ನೀವು ಮಾತಾಡಿಸಿ ಕೊಟ್ಟ ಹೊಸ ಹಲಗೆಯನ್ನು ಕೆರೆಯ ದಂಡೆಗೇ ಒಯ್ದೆ. ರೆಕ್ಕೆ ಮುಗಿದಿತ್ತು, ಅಂಥ ರೆಕ್ಕೆಯನ್ನು ನಾನು ಮತ್ತೆಂದೂ ಬರೆದಿಲ್ಲ. ಬಾತುಗಳು ಸ್ವಲ್ಪ ಆಚೆ ಸರಿದವು. ಎತ್ತರದಿಂದ ಕಂಡೀತೆಂದು ಹಲಗೆಯನ್ನು ಎರಡು ಕಲ್ಲಿನ ಮೇಲೆ ಅಡ್ಡ ಇಟ್ಟು, ಅದರ ನಡುವೆ ನಿಂತೆ.

ಟಕ್ ಎಂದಿತು. ಅಷ್ಟೇ.

ಹಲಗೆಯ ಮೇಲೆ ನಿಲ್ಲುವವನು ಮುಂಗಾಲು ಊರುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು. ಮರುದಿನ ಬೆಳಿಗ್ಗೆ ವಿವೇಕ ಹಲಗೆ ಒಯ್ಯಲು ಬರುವವನಿದ್ದ. ನಿಮಗೆ ಹೇಳಿದ್ದರೆ ಇನ್ನೊಂದು ಮಾಡಿಕೊಡುತ್ತಿದ್ದಿರಿ, ಬೈಯುತ್ತಲೂ ಇರಲಿಲ್ಲ — ಅದು ನನಗೆ ಗೊತ್ತಿತ್ತು. ಆದರೆ ಆ ರೆಕ್ಕೆ... ನಾನು ಹೆದರಿದ್ದು ನಿಮಗಲ್ಲ, ಆ ಚಿತ್ರ ಕೈತಪ್ಪೀತೆಂದು. ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ಬಿರುಕಿಗೆ ತುಂಬಿದೆ. ಬಾತಿನ ಕತ್ತನ್ನು ಒಂದಿಷ್ಟು ಓರೆಗೆ ತಿರುಗಿಸಿ, ಕತ್ತಿನ ಕಪ್ಪು ಗೆರೆಯನ್ನು ಸರಿಯಾಗಿ ಬಿರುಕಿನ ಮೇಲೆಯೇ ಎಳೆದೆ. ಮೇಲೆ ಗಾಜಿನ ನಾರಿನ ಬಟ್ಟೆ ಹಾಸಿ ರಾಳ ಬಳಿದೆ. ವಿವೇಕ ಬಂದವನೇ ಆ ಗೆರೆಯನ್ನು ನೋಡಿ, ಇದಕ್ಕೇ ಜೀವ ಇದೆ ಎಂದ. ನಾನು ನಕ್ಕೆ.

ಮೂರನೇ ವಾರ ಹಲಗೆ ಸಮುದ್ರದಲ್ಲಿ, ಅವನ ಕಾಲ ಕೆಳಗೇ ಮುರಿಯಿತು. ಗಾಳಿಪಟ ಅವನನ್ನು ಬಂಡೆಗಳವರೆಗೆ ಎಳೆದೊಯ್ದಿತು. ಪಾದದ ಕೀಲು ಮುರಿದುಕೊಂಡ, ಜೀವ ಉಳಿಯಿತು. ಕುಂಟುತ್ತಲೇ ಎರಡು ತುಂಡುಗಳನ್ನು ಹಿಡಿದು ನಿಮ್ಮ ಚಪ್ಪರಕ್ಕೆ ಬಂದ. ನೀವು ಒಂದು ತುಂಡನ್ನು ಬಿಸಿಲಿಗೆ ಹಿಡಿದು, ಮುರಿದ ಅಂಚನ್ನು ತಿರುಗಿಸಿ ತಿರುಗಿಸಿ ನೋಡಿದಿರಿ. ಅಲ್ಲಿ ಬಣ್ಣವೂ ರಾಳವೂ ಕೂಡಿಕೊಂಡಿದ್ದವು. ನನ್ನ ಅಂಟು ನಿಮಗೆ ಕಾಣಲಿಲ್ಲ. ಆಗ ನೀವು ನನ್ನ ಕಡೆ ತಿರುಗಿ ಕೇಳಿದಿರಿ:

"ನಿನ್ನ ಕೈಗೆ ಬಂದಾಗ ಏನರ ಕಂಡಿತ್ತೇನವಾ?"

"ಇಲ್ಲ ಕಾಕಾ."

ನೀವು ಮತ್ತೆ ಕೇಳಲಿಲ್ಲ. ಸಂಶಯವನ್ನೂ ಪಡಲಿಲ್ಲ. ತುಂಡನ್ನು ಕೆಳಗಿಟ್ಟು, "ಹಂಗಾರ ನನ್ನ ಕಿವಿ ಕೆಟ್ಟಾವ" ಎಂದಿರಿ. ವಿವೇಕನ ಕಾಲು ಮುಟ್ಟಲು ಬಗ್ಗಿದಿರಿ — ನಿಮ್ಮ ಮಗನಿಗಿಂತ ಸಣ್ಣವನು ಅವನು — ಅವನು ಗಾಬರಿಯಾಗಿ ನಿಮ್ಮ ಕೈ ಹಿಡಿದುಕೊಂಡ. ನಾನು ನಿಂತಲ್ಲೇ ನಿಂತಿದ್ದೆ. ಬಾಯಿ ತೆರೆಯಲು ಅಷ್ಟು ಹೊತ್ತು ಇತ್ತು. ತೆರೆಯಲಿಲ್ಲ.

ಕಂಪನಿ ಅಲ್ಲಿಗೇ ನಿಂತಿತು. ನನಗೆ ಗದಗಿನಲ್ಲಿ ಬೇರೆ ಕೆಲಸ ಸಿಕ್ಕಿತು. ನೀವು ಉಳಿಬಾಚಿಯನ್ನು ಗೋಣಿಚೀಲಕ್ಕೆ ಹಾಕಿ ಅಳಿಯನ ಅಂಗಡಿಯಲ್ಲಿ ಮೊಳೆ, ಬಾಗಿಲ ಬಿಜಾಗರಿ ಮಾರಲು ಕುಳಿತಿರೆಂದು ಕೇಳಿದೆ. ಕೇಳಿಯೂ ಸುಮ್ಮನಿದ್ದೆ.

ಹೋದ ತಿಂಗಳು ಆ ಅಂಗಡಿಗೆ ಬಂದಿದ್ದೆ. ನಿಮಗೆ ಖುಷಿಯಾಯಿತು, ಚಹಾ ತರಿಸಿದಿರಿ. ಹೇಳಿಬಿಡಬೇಕೆಂದೇ ಬಂದಿದ್ದೆ, ನಂಬುತ್ತೀರೋ ಇಲ್ಲವೋ. ಅಷ್ಟರಲ್ಲಿ ಅಡರಕಟ್ಟಿಯ ರೈತರೊಬ್ಬರು ಬಂದು, ನೊಗ ನೀವೇ ಮಾಡಿಕೊಡಬೇಕೆಂದು ಕುಳಿತುಬಿಟ್ಟರು. ನೀವು ಅವರಿಗೆ ಸಮಾಧಾನದಿಂದಲೇ ಹೇಳಿದಿರಿ: "ಬ್ಯಾರೆ ಕಡೆ ನೋಡ್ರಿ. ನನಗ ಕಟಗಿ ಮಾತು ಕೇಳ್ಸೂದಿಲ್ರಿ ಈಗ." ಅವರು ಎದ್ದುಹೋದರು. ನಾನು ಚಹಾ ಕುಡಿದು, ಲೋಟ ಕೆಳಗಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಬಂದುಬಿಟ್ಟೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ವಿವೇಕನಿಗೆ ನಿನ್ನೆ ಎಲ್ಲವನ್ನೂ ಬರೆದು ಕಳಿಸಿದ್ದೇನೆ. ಅವನು ಇವತ್ತಿಗೂ ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುತ್ತಾನೆ. ಅವನಿಂದ ಉತ್ತರ ಬಂದಿಲ್ಲ, ಬರಲೇಬೇಕೆಂದು ಕೇಳುವ ಹಕ್ಕೂ ನನಗಿಲ್ಲ.

ಆವತ್ತು ನಿಮ್ಮ ಚಪ್ಪರದಿಂದ ನಾನೇ ಎತ್ತಿಕೊಂಡು ಬಂದಿದ್ದ ಆ ಎರಡು ತುಂಡುಗಳು ನನ್ನ ಮನೆಯ ಅಟ್ಟದ ಮೇಲೆ ಹಳೆಯ ಸೀರೆಯಲ್ಲಿ ಸುತ್ತಿಕೊಂಡಿದ್ದವು. ಬಣ್ಣ ಇರುವವರೆಗೆ ನೀವು ತಟ್ಟಿ ನೋಡುವುದಿಲ್ಲ. ಅದಕ್ಕೇ ಮೂರು ದಿನ ಕುಳಿತು ಉಜ್ಜಿದೆ — ಮೊದಲು ರಾಳ, ಆಮೇಲೆ ರೆಕ್ಕೆ, ಕೊನೆಗೆ ಕತ್ತಿನ ಕಪ್ಪು ಗೆರೆ. ಅದರಡಿ ನನ್ನ ಅಂಟು ಬಿಳಿಚಿಕೊಂಡು ಹಾಗೆಯೇ ಇದೆ, ಬೆರಳಾಡಿಸಿದರೆ ತಿಳಿಯುತ್ತದೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಬೆಳಿಗ್ಗೆ ಅಂಗಡಿಗೆ ಬಂದು, ನಿಮ್ಮೆದುರು ಕುಳಿತು, ನಾನೇ ಓದುತ್ತೇನೆ. ನೀವು ಎದ್ದುಹೋದರೂ ಕೊನೆಯವರೆಗೆ ಓದುತ್ತೇನೆ. ಆಮೇಲೆ ಆ ತುಂಡುಗಳನ್ನು ನಿಮ್ಮ ಮುಂದೆ ಇಡುತ್ತೇನೆ. ಅವುಗಳ ಮೇಲೆ ಈಗ ನನ್ನ ಬಣ್ಣ ಒಂದಿಷ್ಟೂ ಇಲ್ಲ ಕಾಕಾ. ಬರೀ ಕಟ್ಟಿಗೆ, ನಿಮ್ಮದು. ತಟ್ಟಿ ನೋಡಿ.