ಮೇಲೆ ಹೋಗದ ಮೂರು ಪತ್ರಗಳು

"ಆ ಹಳೇ ಫೈಲು ಅಳಿಸಿಬಿಡಿ ಮೇಡಂ. ಹೊಸದಾಗಿ ಎಲ್ಲಾ ಸರ್ವರಿನಿಂದ ಇಳ್ಕೊಂಡು ಬರುತ್ತೆ," ಎಂದ ಕಾಲೊಯಾನ್ ಫೋನಿನಲ್ಲಿ.

"ಅಳಿಸಲ್ಲ," ಎಂದಳು ನೆದ್ಯಾಲ್ಕಾ.

ಕಾಲೊಯಾನ್ ರಾಜಧಾನಿಯ ಪ್ರಧಾನ ಕಚೇರಿಯಲ್ಲಿ ಕೂತು, ನದಿಯುದ್ದಕ್ಕೂ ಇರುವ ಒಡ್ಡು ಕಚೇರಿಗಳ ಕಂಪ್ಯೂಟರುಗಳನ್ನು ದೂರದಿಂದಲೇ ಸರಿಪಡಿಸುವವನು. ನೆದ್ಯಾಲ್ಕಾ ಗಂಚೆವಾ ಡ್ಯಾನ್ಯೂಬ್ ದಂಡೆಯ ದೊಲ್ನಾ ವರ್ಬಾ ಊರಿನ ಒಡ್ಡು ಕಚೇರಿಯ ಗುಮಾಸ್ತೆ. ಮೂವತ್ತೊಂಬತ್ತು ವರ್ಷದಿಂದ ಅದೇ ಕಚೇರಿ, ಅದೇ ಕಿಟಕಿ. ಹತ್ತೊಂಬತ್ತರ ಹುಡುಗಿಯಾಗಿ ಟೆಲಿಪ್ರಿಂಟರ್ ಮುಂದೆ ಕೂತವಳು. ಅದು ಹೋಗಿ ಫ್ಯಾಕ್ಸ್ ಬಂತು, ಫ್ಯಾಕ್ಸ್ ಹೋಗಿ ಕಂಪ್ಯೂಟರ್ ಬಂತು. ಯಾರೂ ಹೇಳಿಕೊಡಲಿಲ್ಲ, ಕಲಿತಳು. ಪ್ರಿಂಟರ್ ಕಾಗದ ಅಗಿದರೂ ಅವಳನ್ನೇ ಕರೆಯಬೇಕು, ಯಾರೋ ಪಾಸ್‌ವರ್ಡ್ ಮರೆತರೂ ಅವಳನ್ನೇ. ಟೆಲಿಪ್ರಿಂಟರ್ ಕಾಲದ ಮೇಲ್ವಿಚಾರಕಿ ಒಂದೇ ಒಂದು ಮಾತನ್ನು ಗದರಿ ಗದರಿ ಕಲಿಸಿದ್ದಳು: ಆ ತುದಿಯಿಂದ ರಸೀದಿ ಬರುವ ತನಕ ಈ ತುದಿಯ ಕಾಗದದ ಪಟ್ಟಿ ಹರಿಯಬೇಡ. ಅದು ಮೈಗೆ ಹತ್ತಿಬಿಟ್ಟಿತ್ತು.

ಫೋನಿನ ಈ ಜಗಳಕ್ಕೆ ಕಾರಣವಾದ ಲ್ಯಾಪ್‌ಟಾಪ್ ಅವಳದಲ್ಲ, ಪರ್ವಾನನದು. ಪರ್ವಾನ್ ಅದೇ ಕಚೇರಿಯ ಒಡ್ಡಿನ ತಪಾಸಣೆಗಾರ, ಮುಖ್ಯಸ್ಥ ಎಂಜಿನಿಯರ್ ದೊಬ್ರೆವ್‌ನ ಕೈಕೆಳಗಿನವನು. ಇಪ್ಪತ್ತೆರಡು ಕಿಲೋಮೀಟರ್ ಮಣ್ಣಿನ ಒಡ್ಡನ್ನು ವಾರಕ್ಕೆರಡು ಸಲ ನಡೆದು ನೋಡುವವನು. ನಡುವೆ ಪಂಪ್‌ಹೌಸಿನಲ್ಲಿ ಕೂತು ಎರಡೇ ಬೆರಳಲ್ಲಿ ವರದಿ ಕುಟ್ಟುತ್ತಿದ್ದ. ಅಲ್ಲಿ ಸಂಪರ್ಕವೇ ಇಲ್ಲ. ಬರೆದದ್ದನ್ನೆಲ್ಲ ಇಮೇಲ್ ಪತ್ರದ ಪ್ರೋಗ್ರಾಂ ತನ್ನ ಹೊಟ್ಟೆಯಲ್ಲಿಟ್ಟುಕೊಂಡು, ಸಂಜೆ ಅವನು ಕಚೇರಿಗೆ ಬಂದು ತಂತಿ ಚುಚ್ಚಿದಾಗ ಮೇಲಕ್ಕೆ ಕಳಿಸಬೇಕು. ವರ್ಷಗಟ್ಟಲೆ ಹಾಗೇ ನಡೆದಿತ್ತು.

ಏಪ್ರಿಲ್‌ನಲ್ಲಿ ನದಿ ಉಕ್ಕಿ, ಪಂಪ್‌ಹೌಸಿನ ಬಳಿ ಒಡ್ಡು ಬಾಯಿಬಿಟ್ಟಿತು. ಕೆಳಕೇರಿಯ ನಲವತ್ತು ಮನೆಗಳಲ್ಲಿ ಕಿಟಕಿಯ ಮಟ್ಟಕ್ಕೆ ನೀರು. ಜನ ಹೇಗೋ ಉಳಿದರು. ಕೋಳಿಗಳು, ಕುರಿಗಳು, ನೆಲಮಾಳಿಗೆಯ ವೈನ್ ಪೀಪಾಯಿಗಳು ನೀರುಪಾಲಾದವು. ನೀರಿಳಿಯುವ ಮೊದಲೇ ಪ್ರಧಾನ ಕಚೇರಿ ಹೇಳಿತು: ತಪಾಸಣೆಗಾರ ಒಂದು ಎಚ್ಚರಿಕೆಯನ್ನೂ ಕಳಿಸಿಲ್ಲ, ಸರ್ವರಿನಲ್ಲಿ ಒಂದು ಪತ್ರವೂ ಇಲ್ಲ. ಪರ್ವಾನನನ್ನು ಅಮಾನತು ಮಾಡಿದರು. ಬೇಕರಿಯಲ್ಲಿ ಅವನ ಹೆಂಡತಿ ಸಾಲಿಗೆ ಬಂದು ನಿಂತರೆ ಮುಂದಿದ್ದವರ ಮಾತು ನಿಲ್ಲುತ್ತಿತ್ತು. ಒಬ್ಬ ಮುದುಕ ಅವಳ ಕಾಲ ಬಳಿ ಉಗಿದ.

ಪರ್ವಾನ್ ಲ್ಯಾಪ್‌ಟಾಪ್ ಒಪ್ಪಿಸಲು ಬಂದದ್ದು ಸೋಮವಾರ ಬೆಳಿಗ್ಗೆ. ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ.

"ಅಕ್ಕಾ, ನಾನು ಬರ್ದಿದ್ದೆ. ನನ್ನ ತಾಯಾಣೆಗೂ ಬರ್ದಿದ್ದೆ. ಫೆಬ್ರವರೀಲೇ ಒಡ್ಡಿನ ಬುಡದಲ್ಲಿ ನೀರು ಒಸರ್ತಾ ಇತ್ತು. ದೊಬ್ರೆವ್ ಸಾಹೇಬ್ರಿಗೆ ಫೋನ್ ಮಾಡಿದ್ರೆ, ಬಾಯಲ್ಲಿ ಹೇಳಿದ್ರೆ ಆಗಲ್ಲ, ಬರವಣಿಗೇಲಿ ಕೊಡು ಅಂದ್ರು. ಮೂರು ಸಲ ಕೊಟ್ಟೆ, ಫೋಟೋ ಸಮೇತ."

"ಉತ್ತರ ಬರ್ಲಿಲ್ಲ ಅಂತ ಯಾಕೋ ಕೇಳ್ಲಿಲ್ಲ?"

"ಹದಿನಾಲ್ಕು ವರ್ಷದಲ್ಲಿ ಯಾವತ್ತು ಉತ್ತರ ಬಂದಿದೆ ಹೇಳು, ಆವತ್ತು ಬರೋಕೆ?"

ಅವನು ಫೋಟೋ ಎಂದಾಗಲೇ ನೆದ್ಯಾಲ್ಕಾಳ ಮನಸ್ಸು ಅಲ್ಲೇ ಸಿಕ್ಕಿಕೊಂಡಿತ್ತು. ಅವನನ್ನು ಮನೆಗೆ ಕಳಿಸಿ, ಲ್ಯಾಪ್‌ಟಾಪನ್ನು ಪಕ್ಕಕ್ಕಿಟ್ಟು, ಮೊದಲು ತನ್ನ ಕಂಪ್ಯೂಟರಿನಲ್ಲೇ ಪರೀಕ್ಷೆ ಮಾಡಿದಳು. ತನಗೆ ತಾನೇ ಒಂದು ಸಾಲಿನ ಪತ್ರ ಕಳಿಸಿದಳು, ಕ್ಷಣದಲ್ಲಿ ಬಂತು. ಅದೇ ಸಾಲಿಗೆ ಒಡ್ಡಿನ ನಾಲ್ಕು ಫೋಟೋ ಸೇರಿಸಿ ಕಳಿಸಿದಳು. ಪತ್ರ ಹೊರಡುವ ಪೆಟ್ಟಿಗೆಯಲ್ಲಿ ಸ್ವಲ್ಪ ಹೊತ್ತು ಕೂತಿತ್ತು, ಆಮೇಲೆ ಮಾಯವಾಯಿತು. ಕಳಿಸಿದವುಗಳ ಪಟ್ಟಿಯಲ್ಲಿಲ್ಲ, ಬಂದವುಗಳಲ್ಲೂ ಇಲ್ಲ. ಪರದೆಯ ಕೆಳಮೂಲೆ ಮಾತ್ರ ಎಲ್ಲಾ ಸರಿಯಾಗಿದೆ ಎನ್ನುತ್ತಿತ್ತು.

ಆಗ ಅವಳು ಕಾಲೊಯಾನನಿಗೆ ಫೋನ್ ಮಾಡಿದ್ದು.

"ಎಷ್ಟು ದೊಡ್ಡ ಪತ್ರ ತಗೊಳ್ಳುತ್ತೆ ರೀ ನಿಮ್ಮ ಸರ್ವರು?"

"ಐದು ಎಂಬಿ ಮೇಡಂ. ಮುಂಚೆ ಇಪ್ಪತ್ತೈದಿತ್ತು, ಜನವರೀಲಿ ಇಳಿಸಿದ್ವಿ."

"ಯಾರಿಗೆ ಹೇಳಿದ್ರಿ?"

"ಸುತ್ತೋಲೆ ತಯಾರಾಗಿತ್ತು... ಹೊರಡ್ಲಿಲ್ಲ ಅನ್ಸುತ್ತೆ. ಅದಿರ್ಲಿ, ಆ ಲ್ಯಾಪ್‌ಟಾಪನ್ನ ತಂತಿಗೆ ಹಾಕಿ, ನಾನೇ ನೋಡ್ತೀನಿ."

ಅವಳು ತಂತಿ ಚುಚ್ಚಿದಳು. ಅವನು ದೂರದಿಂದಲೇ ಒಳಹೊಕ್ಕು ಅತ್ತಿತ್ತ ನೋಡಿದ. ಲ್ಯಾಪ್‌ಟಾಪಿನ ಒಳಗೆ ಪತ್ರಗಳನ್ನೆಲ್ಲ ಇಟ್ಟುಕೊಂಡಿರುವ ಹಳೇ ಫೈಲು ಕೆಟ್ಟುಹೋಗಿದೆ, ಫೆಬ್ರವರಿ ಹತ್ತೊಂಬತ್ತರಿಂದ ಸರ್ವರಿನ ಜೊತೆ ಸರಿಯಾಗಿ ಹೊಂದಾಣಿಕೆಯೇ ಆಗಿಲ್ಲ, ಅಳಿಸಿ ಹೊಸದು ಮಾಡೋಣ ಎಂದ. ಅವಳು ಅಳಿಸಲ್ಲ ಎಂದದ್ದು ಆಗಲೇ.

"ಮೇಡಂ, ಇದು ಮಾಮೂಲಿ ರಿಪೇರಿ. ಎಲ್ಲಾ ಸರ್ವರಿನಲ್ಲಿ ಭದ್ರವಾಗಿರುತ್ತೆ."

"ಮೇಲೆ ಹೋಗದೇ ಇರೋದು ಕೆಳಗೆ ಹ್ಯಾಗ್ರೀ ಇಳಿದು ಬರುತ್ತೆ?"

"ದೊಬ್ರೆವ್ ಸಾಹೇಬ್ರು ಇವತ್ತೇ ಶುಚಿ ಮಾಡಿ ಅಂತ ಬರೆದಿದ್ದಾರೆ. ನೀವು ಏನೂ ಮಾಡ್ಬೇಡಿ, ನಾನೇ ಮಾಡ್ತೀನಿ."

ಪರದೆಯ ಮೇಲೆ ಬಾಣ ತಾನೇ ತಾನಾಗಿ ಹರಿದಾಡತೊಡಗಿತು. ಒಂದು ಕಿಟಕಿ ತೆರೆಯಿತು, ಅದರೊಳಗೆ ಇನ್ನೊಂದು. ಬಾಣ ಅಳಿಸುವ ಗುಂಡಿಯತ್ತ ಸಾಗಿತು. ನೆದ್ಯಾಲ್ಕಾ ಎದ್ದು, ಲ್ಯಾಪ್‌ಟಾಪಿನ ತಂತಿಯನ್ನು ಕೈಗೆ ಸುತ್ತಿಕೊಂಡು ಜಗ್ಗಿದಳು. ತಂತಿಯ ತುದಿಯ ಪ್ಲಾಸ್ಟಿಕ್ ಮುರಿದು ಅವಳ ಕೈಗೇ ಬಂತು. ನಿಸ್ತಂತು ಗುಂಡಿಯನ್ನೂ ಆರಿಸಿದಳು. ಬಾಣ ಇದ್ದಲ್ಲೇ ನಿಂತಿತು.

"ಹಲೋ? ಮೇಡಂ? ಸಂಪರ್ಕ ತಪ್ಪಿಹೋಯ್ತು!"

"ತಪ್ಪಲಿಲ್ಲ. ನಾನೇ ಕಿತ್ತೆ," ಎಂದು ಫೋನ್ ಇಟ್ಟಳು.

ಮೊದಲು ಪ್ರೋಗ್ರಾಂ ಮುಚ್ಚಿ, ಆ ದೊಡ್ಡ ಫೈಲನ್ನು ಇದ್ದ ಹಾಗೇ ಎರಡು ಪೆನ್ ಡ್ರೈವಿಗೆ ಪ್ರತಿ ಮಾಡಿದಳು. ಒಂದನ್ನು ಬ್ಯಾಗಿಗೆ ಹಾಕಿದಳು, ಇನ್ನೊಂದನ್ನು ಸ್ವೆಟರಿನ ಜೇಬಿಗೆ. ಆಮೇಲೇ ಸಂಪರ್ಕವಿಲ್ಲದ ಸ್ಥಿತಿಯಲ್ಲಿ ಪ್ರೋಗ್ರಾಂ ತೆರೆದಳು. ಹೊರಡುವ ಪೆಟ್ಟಿಗೆ ಖಾಲಿ. ಕಳಿಸಿದ ಪತ್ರಗಳಲ್ಲಿ ಇಲ್ಲ. ಕರಡುಗಳಲ್ಲಿ ಇಲ್ಲ. ಮಾಮೂಲಿಗೆ ಕಣ್ಣಿಗೆ ಬೀಳದ ಫೋಲ್ಡರುಗಳೂ ಕಾಣುವಂತೆ ಪೂರ್ತಿ ಪಟ್ಟಿ ಬಿಡಿಸಿದಾಗ, ಕಟ್ಟಕಡೆಯಲ್ಲಿ ಒಂದು ಸಿಕ್ಕಿತು. ಹೊಂದಾಣಿಕೆಯ ತೊಂದರೆಗಳು ಎಂದು ಅದರ ಹೆಸರು. ಅದರೊಳಗೆ, ಈ ಯಂತ್ರದಲ್ಲೇ ಸೋತವು ಎಂಬ ಇನ್ನೊಂದು. ಅದನ್ನು ಸರ್ವರಿನಲ್ಲಿ ಹುಡುಕಿದರೆ ಯಾರಿಗೂ ಸಿಗುವಂತಿರಲಿಲ್ಲ. ಅದು ಇದ್ದದ್ದು ಈ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಮಾತ್ರ.

ಮೂರು ಪತ್ರಗಳು. ಫೆಬ್ರವರಿ ಹತ್ತೊಂಬತ್ತು, ಮಾರ್ಚ್ ಎರಡು, ಮಾರ್ಚ್ ಇಪ್ಪತ್ತು. ಜೊತೆಗೆ ಪ್ರೋಗ್ರಾಂ ತಾನೇ ಬರೆದಿಟ್ಟ ಟಿಪ್ಪಣಿ: ಗಾತ್ರ ಮಿತಿ ಮೀರಿದೆ, ಸರ್ವರ್ ನಿರಾಕರಿಸಿದೆ.

"ಗೌರವಾನ್ವಿತರೇ," ಎಂದು ಶುರುವಾಗಿತ್ತು ಮೊದಲನೆಯದು. "ಪಂಪ್‌ಹೌಸಿನಿಂದ ಇನ್ನೂರು ಹೆಜ್ಜೆ ಕೆಳಗೆ ಒಡ್ಡಿನ ಬುಡದಲ್ಲಿ ನೀರು ಒಸರುತ್ತಿದೆ. ತಿಳಿ ನೀರಲ್ಲ, ಮಣ್ಣು ಕಲಸಿದ ನೀರು. ಅಂದರೆ ಒಳಗೆ ಮಣ್ಣು ಕೊಚ್ಚಿಹೋಗುತ್ತಿದೆ. ಏಪ್ರಿಲ್‌ಗೆ ಮೊದಲು ಮರಳು ಚೀಲ ಹಾಕಿಸಬೇಕು." ಫೋಟೋದಲ್ಲಿ ಕಂದು ನೀರಿನ ಮಡು. ಅಳತೆಗೆಂದು ಇಟ್ಟ ಅವನದೇ ರಬ್ಬರ್ ಬೂಟು.

ಮೂರನೆಯ ಪತ್ರದಲ್ಲಿ ಗೌರವಾನ್ವಿತರೇ ಎಂಬುದೂ ಇರಲಿಲ್ಲ. "ದಯವಿಟ್ಟು ಯಾರಾದರೂ ಬಂದು ನೋಡಿ" ಎಂದಷ್ಟೇ ಇತ್ತು.

ತಾನು ಇಷ್ಟು ಹತ್ತಿರದಲ್ಲಿದ್ದೂ ಒಮ್ಮೆಯಾದರೂ ಆ ಫೋಲ್ಡರ್ ಬಿಡಿಸಿ ನೋಡಲಿಲ್ಲವಲ್ಲ ಎಂದು ಅವಳಿಗೆ ಸಂಕಟವಾಯಿತು. ಆಮೇಲೆ ಎದ್ದು ಪ್ರಿಂಟರಿಗೆ ಕಾಗದ ತುಂಬಿದಳು.

ಕೊನೆಯ ಹಾಳೆ ಹೊರಬರುವಷ್ಟರಲ್ಲಿ ದೊಬ್ರೆವ್ ಬಾಗಿಲಲ್ಲಿ ನಿಂತಿದ್ದ.

"ನೆದ್ಯಾಲ್ಕಾ, ಏನಿದು ಹುಡುಗಾಟ? ರಾಜಧಾನಿಯಿಂದ ಫೋನ್ ಮೇಲೆ ಫೋನ್. ಲ್ಯಾಪ್‌ಟಾಪ್ ಕೊಡಿ ಇಲ್ಲಿ."

ಅವಳು ಗದ್ದ ಮೇಲೆತ್ತಿ ನಾಲಿಗೆ ಲೊಚಗುಟ್ಟಿದಳು. ಆ ಊರಲ್ಲಿ ಇಲ್ಲ ಎನ್ನುವುದು ಹಾಗೆ.

"ಇದು ಸರ್ಕಾರದ ಸೊತ್ತು!"

"ಹೌದು ಸಾಹೇಬ್ರೇ, ಅದಕ್ಕೇ ಕಾಯ್ತಾ ಇದ್ದೀನಿ. ಗುರುವಾರ ಒಡ್ಡು ಒಡೆದಿದ್ದರ ವಿಚಾರಣೆ ಇದೆಯಲ್ಲ, ಅಲ್ಲಿಗೆ ನಾನೇ ತರ್ತೀನಿ."

"ನಿಮ್ಮ ಪಿಂಚಣಿಗೆ ಇನ್ನು ಎಷ್ಟು ದಿನ ಇದೆ ಗೊತ್ತಾ?"

"ಒಂದೂವರೆ ವರ್ಷ. ದಿನ ಎಣಿಸೋದು ನನಗೆ ನೀವು ಕಲಿಸ್ಬೇಡಿ. ಬೇಕಾದ್ರೆ ಈ ಹಾಳೆ ಓದಿ, ನಿಮ್ಮ ಹೆಸರಿಗೇ ಬರೆದಿರೋದು."

ದೊಬ್ರೆವ್ ಹಾಳೆ ತೆಗೆದುಕೊಂಡ. ಓದುತ್ತಾ ಓದುತ್ತಾ ಅವನ ಕಿವಿ ಕೆಂಪಾಯಿತು. ಹಾಳೆಯನ್ನು ಮೇಜಿನ ಮೇಲಿಟ್ಟು ಹೊರಟುಹೋದ. ಅವಳು ಲ್ಯಾಪ್‌ಟಾಪನ್ನು ತರಕಾರಿ ಚೀಲದಲ್ಲಿ ಸುತ್ತಿ ಮನೆಗೊಯ್ದಳು. ಮೂರು ದಿನ ಅದು ಅವಳ ತಂಗಿಯ ಹೊಲಿಗೆ ಯಂತ್ರದ ಪೆಟ್ಟಿಗೆಯೊಳಗಿತ್ತು.

ವಿಚಾರಣೆ ನಡೆದದ್ದು ಊರಿನ ವಾಚನಾಲಯದ ಸಭಾಂಗಣದಲ್ಲಿ, ನ್ಯಾಯಾಲಯದ ಅಧಿಕಾರಿಯ ಎದುರು. ಕೆಳಕೇರಿಯವರು ಇನ್ನೂ ಕೆಸರಿನ ಬೂಟಿನಲ್ಲೇ ಬಂದಿದ್ದರು. ಪ್ರಧಾನ ಕಚೇರಿಯ ಪ್ರತಿನಿಧಿ, ನುಣ್ಣಗೆ ಕ್ಷೌರ ಮಾಡಿಕೊಂಡಿದ್ದವನು, ಲ್ಯಾಪ್‌ಟಾಪಿನಲ್ಲಿ ಪತ್ರಗಳು ಸಿಕ್ಕಿವೆ ಎಂಬ ನೆದ್ಯಾಲ್ಕಾಳ ಮಾತು ಕೇಳಿ ಮುಗುಳ್ನಕ್ಕ. "ಒಳ್ಳೇದಾಯ್ತಮ್ಮ, ಕೊಡಿ. ನಾವು ತಗೊಂಡು ಹೋಗಿ ಪರೀಕ್ಷೆ ಮಾಡಿಸ್ತೀವಿ."

"ನಿಮ್ಮ ಕೈಗೆ ಕೊಡಲ್ಲ," ಎಂದಳು. ಸಭೆಗೆ ಕೇಳುವಷ್ಟು ಗಟ್ಟಿಯಾಗಿಯೇ. "ಇಷ್ಟು ದಿನ ಸರ್ವರಿನಲ್ಲಿ ಇಲ್ಲ, ಇಲ್ಲ ಅಂದ್ರಿ. ಸರಿ, ಇಲ್ಲ. ನೀವೇ ಬಾಗಿಲು ಚಿಕ್ಕದು ಮಾಡಿ, ಯಾರಿಗೂ ಹೇಳದೆ, ಒಳಗೆ ಬರ್ಲಿಲ್ಲ ಅಂತ ಈ ಮನುಷ್ಯನ ಮುಖಕ್ಕೆ ಮಸಿ ಬಳಿದ್ರಿ. ಯಂತ್ರ ನ್ಯಾಯಾಲಯದವರ ಕೈಗೆ ಹೋಗುತ್ತೆ, ರಸೀದಿ ಸಮೇತ. ಪತ್ರ ಈಗ ಇಲ್ಲೇ ಓದ್ತೀನಿ."

ಮೂರನ್ನೂ ಓದಿದಳು. ಮೊದಲನೆಯದಕ್ಕೇ ಗುಸುಗುಸು ಶುರುವಾಯಿತು. ಹಿಂದಿನ ಸಾಲಿನಲ್ಲಿ ಪರ್ವಾನ್ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದ. ಬೇಕರಿಯಲ್ಲಿ ಉಗಿದಿದ್ದ ಮುದುಕ ಪಕ್ಕದ ಬೆಂಚಿನಿಂದ ಎದ್ದು ಅವನ ಬಳಿಗೆ ಹೋದ. ಅವನ ಪಕ್ಕದಲ್ಲೇ ಕೂತ.

ಜೂನ್‌ನಲ್ಲಿ ಪರ್ವಾನನಿಗೆ ಕೆಲಸ ಮರಳಿ ಸಿಕ್ಕಿತು. ದೊಬ್ರೆವ್‌ಗೆ ಬೇರೆ ಊರಿಗೆ ವರ್ಗವಾಯಿತು. ಪತ್ರದ ಮಿತಿ ಮತ್ತೆ ಇಪ್ಪತ್ತೈದಕ್ಕೆ ಏರಿತು, ಈ ಸಲ ಸುತ್ತೋಲೆಯೂ ಬಂತು. ಕ್ಷಮೆ ಮಾತ್ರ ಯಾರೂ ಕೇಳಲಿಲ್ಲ. ನೆದ್ಯಾಲ್ಕಾಳಿಗೆ ಬಂದದ್ದು ಶಿಸ್ತು ಕ್ರಮದ ಎಚ್ಚರಿಕೆ: ಮೇಲಧಿಕಾರಿಯ ಆಜ್ಞೆ ಉಲ್ಲಂಘನೆ, ಸರ್ಕಾರಿ ತಂತಿಗೆ ಹಾನಿ, ಉಪಕರಣವನ್ನು ಮನೆಗೆ ಒಯ್ದದ್ದು. ಒಪ್ಪಿ ಸಹಿ ಹಾಕಲು ರಾಜಧಾನಿಗೆ ಕರೆಸಿದರು.

ಒಳ್ಳೆಯ ನೀಲಿ ಕೋಟು ತೊಟ್ಟು ಹೋದಳು. ಕಾಗದವನ್ನು ಎರಡು ಸಲ ಓದಿ, ಸಹಿಯ ಗೆರೆಯ ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದಳು: ಓದಿದ್ದೇನೆ. ಒಪ್ಪುವುದಿಲ್ಲ.

ಮೇಜಿನಾಚೆಯ ಹೆಂಗಸು ಗಾಬರಿಯಾದಳು. "ಅಯ್ಯೋ, ಹಾಗೆಲ್ಲ ಬರೆಯೋಕೆ ಇದರಲ್ಲಿ ಜಾಗ ಇಲ್ಲಮ್ಮ."

"ಸಿಕ್ತಲ್ಲ," ಎಂದು ನೆದ್ಯಾಲ್ಕಾ ಪೆನ್ನಿನ ಮುಚ್ಚಳ ಹಾಕಿದಳು.